ಮಾದಪ್ಪನ ಬೆಟ್ಟದಲ್ಲಿ ಸಂಕಮ್ಮನ ಸಾಲು

ನಮ್ಮ ಮನೆತನದ ಹಿರಿಯರಲ್ಲಿ ಈಗ ಉಳಿದಿರುವವರು ನನ್ನ ಸೋದರತ್ತೆಯೊಬ್ಬರೇ. ವಯಸ್ಸು 78. ಕಣ್ಣು, ಕಿವಿ ಇನ್ನೂ ಚೆನ್ನಾಗಿವೆ. ಮೊಣಕಾಲು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಅವರು ಯಾರಿಂದಲೂ ಏನನ್ನೂ ಬೇಡಿದವರಲ್ಲ. ಅಂಥವರು ದೀಪಾವಳಿ ಕಳೆದ ಮರುವಾರ ಊಟದ ಎಲೆಯ ಮುಂದೆ ಕುಳಿತು, "ಮಾದಪ್ಪನ ಬೆಟ್ಟಕ್ಕೆ ಒಂದು ಸಲ ಕರೆದುಕೊಂಡು ಹೋಗುತ್ತೀಯೇನಪ್ಪಾ?" ಎಂದು ಕೇಳಿದಾಗ ನನಗೂ ನನ್ನ ಗೃಹಿಣಿಗೂ ಆಶ್ಚರ್ಯವಾಯಿತು. ಹರಕೆಯೇನಾದರೂ ಉಂಟೇ ಎಂದು ವಿಚಾರಿಸಲಾಗಿ, "ಹರಕೆಯಲ್ಲ. ಅಲ್ಲಿ ಒಂದು ಹಾಡು ಕೇಳಬೇಕು" ಎಂದರು. ಯಾವ ಹಾಡೆಂಬುದನ್ನು ಆಗ ಹೇಳಲಿಲ್ಲ.

ಅಮಾವಾಸ್ಯೆಯನ್ನೂ ಸೋಮವಾರವನ್ನೂ ತಪ್ಪಿಸಿ ಒಂದು ಬುಧವಾರ ಬೆಳಿಗ್ಗೆ ಮೈಸೂರಿನಿಂದ ಬಾಡಿಗೆಯ ಮೋಟಾರಿನಲ್ಲಿ ಹೊರಟೆವು. ಅತ್ತೆ, ನನ್ನ ಗೃಹಿಣಿ, ಹೈಸ್ಕೂಲಿನಲ್ಲಿ ಓದುತ್ತಿರುವ ಮಗಳು, ನಾನು, ಹೀಗೆ ನಾಲ್ವರು. ಮೈಸೂರಿನಿಂದ ಬೆಟ್ಟಕ್ಕೆ ಸುಮಾರು 150 ಕಿಲೋಮೀಟರುಗಳ ದಾರಿ. ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಕಪಿಲೆಗಳು ಕೂಡುವ ಸ್ಥಳವನ್ನು ಕಂಡು ಕೈಮುಗಿದು ಮುಂದುವರಿದಾಗ, ತಲಕಾಡಿಗೆ ದಾರಿ ತೋರಿಸುವ ಫಲಕವೊಂದು ಕಣ್ಣಿಗೆ ಬಿದ್ದಿತು. ಮಗಳು ಸುಮ್ಮನಿರುವ ಹುಡುಗಿಯಲ್ಲ, "ಮರಳಿನ ಊರಲ್ಲವೇ ಅದು?" ಎಂದು ಕೇಳಿದಳು. ಅಲಮೇಲಮ್ಮನ ಕಥೆಯನ್ನು ನಾನು ಹೇಳಬೇಕಾಯಿತು.

ವಾಚಕರಲ್ಲಿ ಬಹುಮಂದಿಗೆ ಇದು ತಿಳಿದ ಕಥೆಯೇ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನಿಂದ ತಮ್ಮ ವಶಕ್ಕೆ ತೆಗೆದುಕೊಂಡರು. ಆ ರಾಯನ ರಾಣಿ ಅಲಮೇಲಮ್ಮ. ಆಕೆಯ ಒಡವೆಗಳನ್ನು ತರಲೆಂದು ಆಳುಗಳು ಬೆನ್ನಟ್ಟಿ ಬರಲು, ಆಕೆ ಅವನ್ನು ಮಡಿಲಲ್ಲಿ ಕಟ್ಟಿಕೊಂಡು ಮಾಲಂಗಿಯ ಬಳಿ ಕಾವೇರಿಯ ಮಡುವಿಗೆ ಹಾರಿದಳೆಂದೂ, ಹಾರುವ ಮುನ್ನ ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂದು ಶಪಿಸಿದಳೆಂದೂ ಐತಿಹ್ಯವುಂಟು. ಆಕೆಯ ವಿಗ್ರಹಕ್ಕೆ ಮೈಸೂರು ಅರಮನೆಯಲ್ಲಿ ಪೂಜೆ ಸಲ್ಲುವ ಪದ್ಧತಿ ಬೆಳೆದುಬಂದಿತು. ತಲಕಾಡಿನ ಮರಳಿಗೆ ಹೊಳೆಯ ತಿರುವನ್ನೂ ಬೀಸುವ ಗಾಳಿಯನ್ನೂ ಕಾರಣವಾಗಿ ಹೇಳುವವರು ಇದ್ದಾರೆ. ಅದು ಸರಿಯಾದ ವಿವರಣೆಯೇ ಇರಬಹುದು. ಆದರೆ ನಾನೂರು ವರುಷಗಳಿಂದ ಜನರು ನೆನಪಿಟ್ಟುಕೊಂಡಿರುವುದು ಗಾಳಿಯ ದಿಕ್ಕನ್ನಲ್ಲ, ಆ ರಾಣಿಯ ಮಾತನ್ನು.

ಕಥೆಯನ್ನು ಕೇಳಿ ಮುಗಿಸಿ ಅತ್ತೆ, "ರಾಣಿಯಾದ್ದರಿಂದ ಶಾಪ ಕೊಟ್ಟಳು. ಬಡವರ ಹೆಣ್ಣಾಗಿದ್ದರೆ ಏನು ಕೊಡಬೇಕಾಗಿತ್ತೋ!" ಎಂದರು. ಅವರ ಮನಸ್ಸಿನಲ್ಲಿ ಇನ್ನಾವುದೋ ಕಥೆ ಓಡುತ್ತಿದ್ದಿತೆಂಬುದು ನನಗೆ ಆಗ ಹೊಳೆಯಲಿಲ್ಲ.

ಕೊಳ್ಳೇಗಾಲದಲ್ಲಿ ಉಪಾಹಾರವಾಯಿತು. ರೇಷ್ಮೆಯ ನೇಯ್ಗೆಗೆ ಹೆಸರಾದ ಈ ಊರು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಬಳಿಕ ಮೈಸೂರು ಸೀಮೆಗೆ ಬಂದು, 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಅದರ ಪಾಲಾಯಿತು. ಆಡಳಿತದ ಗೆರೆಗಳು ಎಷ್ಟು ಸಲ ಅಳಿಸಿದರೂ ಮಾದಪ್ಪನ ಒಕ್ಕಲು ಮಾತ್ರ ಬದಲಾಗಲಿಲ್ಲ. ಇಂದಿಗೂ ಸೇಲಂ, ಧರ್ಮಪುರಿ, ಈರೋಡುಗಳ ಕಡೆಯಿಂದ ತಮಿಳು ಮಾತನಾಡುವ ಭಕ್ತರು ಪಾಲಾರಿನ ದಾರಿಯಾಗಿ ಬೆಟ್ಟವನ್ನೇರಿ ಬರುತ್ತಾರೆ. ಇತ್ತ ಕನಕಪುರದ ಕಡೆಯವರು ಶಿವರಾತ್ರಿಯ ಹೊತ್ತಿಗೆ ಸಂಗಮದ ಬಳಿ ಕಾವೇರಿಯನ್ನು ದಾಟಿ, ಕಾಡಿನಲ್ಲಿ ದಿನಗಟ್ಟಲೆ ನಡೆದು ಬರುತ್ತಾರೆ. ಮೋಟಾರಿನಲ್ಲಿ ಕುಳಿತು ಹೋಗುವ ನಮ್ಮಂಥವರ ಭಕ್ತಿ ಅವರ ಮುಂದೆ ಎಷ್ಟರದು?

ಕೊಳ್ಳೇಗಾಲದಿಂದ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರು. ಹನೂರು, ಕೌದಳ್ಳಿಗಳನ್ನು ದಾಟಿದ ಮೇಲೆ ತಾಳುಬೆಟ್ಟ. ಹೆಸರೇ ಹೇಳುವಂತೆ ಇದು ಬೆಟ್ಟದ ಅಡಿ. ಇಲ್ಲಿ ಕಾಯಿ ಒಡೆದು ಕರ್ಪೂರ ಹಚ್ಚಿ ಮುಂದೆ ಹೋಗತಕ್ಕದ್ದು. ಕಾಲುನಡಿಗೆಯವರಿಗೆ ಇಲ್ಲಿಂದ ಬೇರೆ ದಾರಿಯುಂಟು. ಮೋಟಾರಿನ ರಸ್ತೆ ಹಾವಿನಂತೆ ಸುತ್ತಿ ಸುತ್ತಿ ಮೇಲೇರುತ್ತದೆ. ಪ್ರತಿ ತಿರುವಿನಲ್ಲಿಯೂ ನನ್ನ ಗೃಹಿಣಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅತ್ತೆ ಕಿಟಕಿಯಿಂದ ಮುಖ ತೆಗೆಯಲಿಲ್ಲ. ಮಲೆಯ ಹಿಂದೆ ಮಲೆ, ಅದರ ಹಿಂದೆ ಮತ್ತೊಂದು. ಆನುಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಬುಮಲೆ ಎಂದು ಏಳನ್ನು ಹೆಸರಿಸಿ, ಎಲ್ಲವನ್ನೂ ಸೇರಿಸಿ ಎಪ್ಪತ್ತೇಳು ಮಲೆಯೆಂದು ಹಾಡುವವರು ಹೇಳುತ್ತಾರೆ. ನಾವು ಎಣಿಸಲಿಲ್ಲ, ಎಣಿಸಿದ್ದರೂ ಮುಗಿಯುತ್ತಿರಲಿಲ್ಲ.

ಈ ಕಾಡಿನಲ್ಲಿ ಬಹುಕಾಲ ಜನರು ಭಯದಿಂದ ಸಂಚರಿಸಬೇಕಾಗಿದ್ದಿತು. ವೀರಪ್ಪನ್ ಹುಟ್ಟಿದ ಗೋಪಿನಾಥಂ ಗ್ರಾಮ ಇದೇ ಮಲೆಗಳ ಸೆರಗಿನಲ್ಲಿದೆ. 2004ರಲ್ಲಿ ಅವನು ಸತ್ತ ಮೇಲೆ ದಾರಿ ನಿರ್ಭಯವಾಯಿತು. 2013ರಲ್ಲಿ ಈ ಅರಣ್ಯದ 906 ಚದರ ಕಿಲೋಮೀಟರುಗಳನ್ನು ವನ್ಯಜೀವಿಧಾಮವೆಂದು ಘೋಷಿಸಿದರು. ಮಾದಪ್ಪನಿಗೆ ಹುಲಿಯೇ ವಾಹನ. ಅವನ ಚಿತ್ರಗಳಲ್ಲೆಲ್ಲ ಹುಲಿಯ ಮೇಲೆ ಕುಳಿತಿರುವ ಬಾಲಯೋಗಿಯನ್ನು ಕಾಣುತ್ತೇವೆ. ಅಂಥ ದೇವರ ಕಾಡಿನಲ್ಲಿ 2025ರ ಜೂನ್ ತಿಂಗಳಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ವಿಷಪ್ರಾಶನದಿಂದ ಸತ್ತು ಬಿದ್ದಿದ್ದವೆಂಬ ಸುದ್ದಿಯನ್ನು ಓದಿದಂದು ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಿರಲಿಲ್ಲ. ಮಗಳು ಅದನ್ನು ನೆನೆದು ಮೌನವಾದಳು.

ಮಧ್ಯಾಹ್ನದ ಹೊತ್ತಿಗೆ ಬೆಟ್ಟವನ್ನು ತಲಪಿದೆವು. ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರವಾದುದರಿಂದ ಬಿಸಿಲಿದ್ದರೂ ಗಾಳಿ ತಂಪಾಗಿದ್ದಿತು. ಬೆಟ್ಟವೆಂದರೆ ಚಾಮುಂಡಿಯಂತೆ ಒಂಟಿ ಶಿಖರವಲ್ಲ. ಸುತ್ತಲೂ ಮಲೆಗಳು ಕೋಟೆಯಂತೆ ನಿಂತಿರುವ ನಡುವೆ ದೇವಾಲಯ. ದೂರದ ಒಡ್ಡಿನಲ್ಲಿ 2023ರಲ್ಲಿ ನಿಲ್ಲಿಸಿದ 108 ಅಡಿಯ ಮಹದೇಶ್ವರನ ಪ್ರತಿಮೆ ಕಾಣುತ್ತದೆ. ನೋಡುವವರಿಗೆ ಅದು ಸೊಗಸೇ. ಆದರೆ ಮಾದಪ್ಪನ ದೊಡ್ಡಸ್ತಿಕೆ ಅಡಿಗಳಲ್ಲಿ ಅಳೆಯತಕ್ಕದ್ದೆಂದು ನನಗೆ ತೋರಲಿಲ್ಲ.

ಈ ದೇವರ ಚರಿತ್ರೆಯನ್ನು ನಾಲ್ಕು ಮಾತುಗಳಲ್ಲಿ ಹೇಳುವುದಾದರೆ: ಉತ್ತರಾಜಮ್ಮನೆಂಬಾಕೆಯ ಮಗನಾಗಿ ಬಂದವನೆಂದೂ, ಸುತ್ತೂರು ಮಠದಲ್ಲಿ ರಾಗಿ ಬೀಸಿದನೆಂದೂ, ಕುಂತೂರು ಮಠದಲ್ಲಿ ಕೆಲಕಾಲ ಇದ್ದನೆಂದೂ, ದೇವತೆಗಳನ್ನೇ ಸೆರೆಯಲ್ಲಿಟ್ಟಿದ್ದ ಶ್ರವಣನೆಂಬ ದೊರೆಯನ್ನು ಕೊಂದು ಈ ಮಲೆಯಲ್ಲಿ ನೆಲಸಿದನೆಂದೂ ಹಾಡು ಹೇಳುತ್ತದೆ. ಗುಡಿಯನ್ನು ಕಟ್ಟಿಸಿದವನು ಆಲಂಬಾಡಿಯ ಜುಂಜೇಗೌಡನೆಂಬ ಕುರುಬ ಸಾಹುಕಾರನೆಂದು ನಂಬಿಕೆ. ಪೂಜೆಯ ಹಕ್ಕು ಬೇಡಗಂಪಣರದು. ಇವರನ್ನು ತಮ್ಮಡಿಗಳೆಂದೂ ಕರೆಯುವುದುಂಟು. ದೊರೆಗಳ ಚರಿತ್ರೆಗಳಲ್ಲಿ ಹೆಸರಿಲ್ಲದ ಕುರುಬರು, ಬೇಡರು, ಸೋಲಿಗರು, ಚಮ್ಮಾರರು ಈ ದೇವರ ಚರಿತ್ರೆಯಲ್ಲಿ ಒಬ್ಬೊಬ್ಬರಾಗಿ ಮುಂದೆ ಬಂದು ನಿಲ್ಲುತ್ತಾರೆ.

ಅಂತರಗಂಗೆಯಲ್ಲಿ ಕೈಕಾಲು ತೊಳೆದು ದರ್ಶನ ಮಾಡಿದೆವು. ಗುಡಿಯ ಸುತ್ತ ಉರುಳುಸೇವೆಯವರು, ಹುಲಿವಾಹನದ ಸೇವೆಯವರು. "ಉಘೇ ಮಾದಪ್ಪ, ಉಘೇ ಉಘೇ" ಎಂಬ ಕೂಗು ಒಂದು ಕಡೆ ಎದ್ದರೆ ಇನ್ನೊಂದು ಕಡೆಯವರು ಅದನ್ನು ಎತ್ತಿಕೊಳ್ಳುತ್ತಾರೆ. ನನ್ನ ಮಗಳೂ ಸಂಕೋಚ ಬಿಟ್ಟು ಕೂಗಿದಳು. ದಾಸೋಹದಲ್ಲಿ ಊಟವಾಯಿತು. ಪಕ್ಕದ ಸಾಲಿನಲ್ಲಿ ಕುಳಿತಿದ್ದ ಊರಿನ ಹೆಂಗಸೊಬ್ಬಳು ವಾರದ ಹಿಂದೆ ನಡೆದ ಹಾಲರವಿಯ ಸಂಭ್ರಮವನ್ನು ನನ್ನ ಗೃಹಿಣಿಗೆ ವರ್ಣಿಸಿದಳು. ದೀಪಾವಳಿಯ ಜಾತ್ರೆಯಲ್ಲಿ ಬೇಡಗಂಪಣರ 101 ಮಂದಿ ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನ ಹಳ್ಳದಿಂದ ಕಳಶಗಳಲ್ಲಿ ನೀರು ತುಂಬಿ, ತಲೆಯ ಮೇಲೆ ಹೊತ್ತು ಮೆರವಣಿಗೆಯಲ್ಲಿ ತರುತ್ತಾರೆ. ಆ ನೀರಿನಿಂದ ಸ್ವಾಮಿಗೆ ಅಭಿಷೇಕ. "ನನ್ ಮೊಮ್ಮಗಳೂ ಹೊತ್ತವಳೆ ಕನವ್ವ" ಎಂದು ಹೇಳುವಾಗ ಆ ಹೆಂಗಸಿನ ಮುಖ ಅರಳಿದ್ದಿತು.

ಸಂಜೆಯ ದೀಪ ಹಚ್ಚಿದ ಮೇಲೆ ಅತ್ತೆ, "ಹಾಡುವವರು ಎಲ್ಲಿದ್ದಾರೆ ನೋಡು" ಎಂದರು. ಹುಡುಕುವುದು ಕಷ್ಟವಾಗಲಿಲ್ಲ. ಗುಡಿಯ ಹೊರಗೆ ಒಂದು ಜಗಲಿಯ ಮೇಲೆ ಮೂವರು ದೇವರಗುಡ್ಡರು ಕುಳಿತಿದ್ದರು. ಮಾದಪ್ಪನ ಹೆಸರಿನಲ್ಲಿ ದೀಕ್ಷೆ ಹೊಂದಿ, ರುದ್ರಾಕ್ಷಿ ಧರಿಸಿ, ಜೋಳಿಗೆ ಹಿಡಿದು ಭಿಕ್ಷೆಮಾಡಿ ಅವನ ಚರಿತ್ರೆ ಹಾಡುವವರು ಇವರು. ವಾದ್ಯ ಕಂಸಾಳೆ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರದ ಗೊಂಡೆ ಕಟ್ಟಿದ ಚಪ್ಪಟೆಯ ತಾಳ. ಒಂದರ ಮೇಲೊಂದು ಬೀಳುವಾಗ ಬರುವ ನಾದವನ್ನು ಕಾಗದದ ಮೇಲೆ ಹೇಗೆ ಬರೆಯಲಿ? ಜೊತೆಗೆ ದಮ್ಮಡಿ. ಒಬ್ಬರು ಮುಂದೆ ಹಾಡುತ್ತಾರೆ. ಉಳಿದವರು ಸೊಲ್ಲು ಹಿಡಿಯುತ್ತಾರೆ. ಇಡೀ ಕಾವ್ಯವನ್ನು ಹಾಡಲು ರಾತ್ರಿಗಳೇ ಬೇಕು. ಅದರ ಒಂದೊಂದು ಭಾಗಕ್ಕೆ 'ಸಾಲು' ಎಂದು ಹೆಸರು. ವಿದ್ವಾಂಸರಾದ ಪಿ. ಕೆ. ರಾಜಶೇಖರ ಅವರು ಇದನ್ನು ಸಂಗ್ರಹಿಸಿ ಪ್ರಕಟಿಸಿದ್ದಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಇನ್ನೊಂದು ಪಾಠವನ್ನು ಅಚ್ಚುಮಾಡಿದೆ. ಓದುಬರಹ ಬಾರದವರ ಬಾಯಲ್ಲಿ ಇಷ್ಟು ದೊಡ್ಡ ಕಾವ್ಯ ಉಳಿದುಬಂದುದನ್ನು ನೆನೆದರೆ, ಕಪಾಟಿನಲ್ಲಿ ಪುಸ್ತಕ ತುಂಬಿಸಿಟ್ಟು ಒಂದು ಪದ್ಯವನ್ನೂ ಬಾಯಲ್ಲಿ ಹೇಳಲಾರದ ನಾವು ನಾಚಬೇಕು.

ಹಿರಿಯ ಗುಡ್ಡಪ್ಪನ ಮುಂದೆ ಅತ್ತೆ ಕಷ್ಟಪಟ್ಟು ಕುಳಿತು, "ಸಂಕಮ್ಮನ ಸಾಲು ಹಾಡುತ್ತೀರಾ ಗುಡ್ಡಪ್ಪನವರೇ?" ಎಂದು ಕೇಳಿದರು.

"ಎಲ್ಲಿಂದ ಹಾಡ್ಲಿ ಅವ್ವಾ? ಮೊದಲಿಂದ ಹಿಡುದ್ರೆ ಬೆಳಗಾಯ್ತದೆ."

"ಭಾಷೆ ಕೇಳುವಲ್ಲಿಂದ."

ಮುದುಕ ಅತ್ತೆಯ ಮುಖವನ್ನು ಒಂದು ಸಲ ನೋಡಿ, ಕಂಸಾಳೆಯನ್ನು ಕೈಗೆತ್ತಿಕೊಂಡ.

ಸಂಕಮ್ಮ ಸೋಲಿಗರವಳು. ಗಂಡ ನೀಲೇಗೌಡ. ಮಕ್ಕಳಿಲ್ಲವೆಂಬುದು ಅವಳ ದುಃಖ. ಬಂಜೆಯೆಂಬ ಹೆಸರು ಬೇರೆ. ಸೋಲಿಗರ ಬದುಕೆಂದರೆ ಜೇನು, ಗೆಡ್ಡೆಗೆಣಸು, ಬೇಟೆ. ನೀಲೇಗೌಡ ಬಹುದಿನಗಳ ಮಟ್ಟಿಗೆ ಕಾಡಿಗೆ ಹೊರಟುನಿಂತಾಗ ಅವನ ಮನಸ್ಸಿನಲ್ಲಿ ಸಂಶಯ ಹೊಕ್ಕಿತು: ಇಷ್ಟು ಚೆಲುವೆಯಾದ ಹೆಂಡತಿಯನ್ನು ಒಬ್ಬಳನ್ನೇ ಬಿಟ್ಟುಹೋಗುವುದು ಹೇಗೆ? ತಾನು ಬರುವವರೆಗೆ ಪರಪುರುಷರನ್ನು ನೋಡುವುದಿಲ್ಲವೆಂದು ಕೈಯ ಮೇಲೆ ಕೈಯಿಟ್ಟು ಭಾಷೆ ಕೊಡು ಎಂದ. ಸಂಕಮ್ಮ ಕೊಡಲಿಲ್ಲ.

ಇಲ್ಲಿ ವಾಚಕರು ಒಂದು ಗಳಿಗೆ ನಿಲ್ಲಬೇಕು. ಅವಳಲ್ಲಿ ದೋಷವಿದ್ದು ಭಾಷೆ ಕೊಡದವಳಲ್ಲ. ದೋಷವಿದ್ದವಳಾದರೆ ಒಂದಲ್ಲ, ಹತ್ತು ಭಾಷೆಗಳನ್ನು ಕೊಟ್ಟು ಗಂಡನನ್ನು ಕಳುಹಿಸಬಹುದಾಗಿದ್ದಿತು. ನಿರ್ದೋಷಿಯಾದವಳೇ ಒಲ್ಲೆನೆಂದಳು. ನಂಬಿಕೆಯಿಲ್ಲದ ಕಡೆ ಭಾಷೆಯಿಂದ ನಂಬಿಕೆ ಹುಟ್ಟುವುದಿಲ್ಲವೆಂದು ಅವಳಿಗೆ ತಿಳಿದಿದ್ದಿರಬೇಕು. ನನಗೆ ತೋರಿದ ಅರ್ಥ ಇದು. ಗುಡ್ಡಪ್ಪ ಅರ್ಥ ಹೇಳಲಿಲ್ಲ, ಹಾಡಿದ.

ನೀಲೇಗೌಡ ಬೇಡಿಕೊಂಡ, ಗದರಿಸಿದ, ಕೊನೆಗೆ ಹಿಂಸೆಗೆ ಇಳಿದ. ಅವಳು ಮಣಿಯದಿರಲು ಗುಡಿಸಿಲೊಂದರಲ್ಲಿ ಅವಳನ್ನು ಕೂಡಿಹಾಕಿ, ಮಾಟಮಂತ್ರಗಳ ಕಾವಲನ್ನಿಟ್ಟು ಕಾಡಿಗೆ ನಡೆದುಬಿಟ್ಟ. ಬೆಳಕಿಲ್ಲದ, ಅನ್ನನೀರಿಲ್ಲದ ಆ ಗುಡಿಸಿಲಿನಿಂದ ಸಂಕಮ್ಮ ಮಾದಪ್ಪನನ್ನು ಕೂಗುವ ಭಾಗ ಬಂದಾಗ ಮುದುಕನ ಧ್ವನಿ ತೀರ ತಗ್ಗಿತು. ಕಂಸಾಳೆ ನಿಂತೇ ಹೋಯಿತು. ಜಗಲಿಯ ಸುತ್ತ ಮೂವತ್ತು ನಲವತ್ತು ಜನ ನೆರೆದಿದ್ದರು. ಅವರಲ್ಲಿ ಹೆಂಗಸರೇ ಹೆಚ್ಚು, ಒಬ್ಬರೂ ಅಲುಗಲಿಲ್ಲ.

ಮಾದಪ್ಪ ಜಂಗಮನಾಗಿ ಬಂದ. ಕಟ್ಟುಗಳು ಬಿಚ್ಚಿಹೋದುವು. ಸಂಕಮ್ಮನಿಗೆ ಅವನು ಎರಡು ಮಕ್ಕಳ ಫಲವನ್ನು ಕೊಟ್ಟ. ಆ ಮಕ್ಕಳು ತನ್ನ ಶಿಶುಮಕ್ಕಳಾಗಬೇಕೆಂದು ಕೇಳಿಕೊಂಡ. ಅವರೇ ಕಾರಯ್ಯ, ಬಿಲ್ಲಯ್ಯ. ಮಾದಪ್ಪನ ಹೆಸರಿನೊಡನೆ ಇಂದಿಗೂ ಈ ಎರಡು ಹೆಸರುಗಳು ಕೂಡಿಯೇ ಬರುತ್ತವೆ. ಹಿಂದಿರುಗಿದ ನೀಲೇಗೌಡ ನಂಬುವನೇ? ಅವಳನ್ನು ಕಠಿಣವಾದ ಸತ್ಯಪರೀಕ್ಷೆಗಳಿಗೆ ಗುರಿಮಾಡಿದ. ಸಂಕಮ್ಮ ಎಲ್ಲವನ್ನೂ ಗೆದ್ದಳು.

ಅಗ್ನಿಪರೀಕ್ಷೆಯೆಂದರೆ ನಮಗೆಲ್ಲ ಸೀತಾದೇವಿಯ ನೆನಪು ಬರುತ್ತದೆ. ಆಕೆ ಅಯೋಧ್ಯೆಯ ರಾಣಿ, ಜನಕನ ಮಗಳು. ಆಕೆಯ ಕಥೆಯನ್ನು ಬರೆಯಲು ವಾಲ್ಮೀಕಿಯಿದ್ದ. ಜೇನು ಕೀಳುವವನ ಹೆಂಡತಿಗೆ ಈ ಗುಡ್ಡರಿದ್ದಾರೆ. ಇದೇ ಸೀಮೆಯ ಯಳಂದೂರಿನ ಕಡೆ ಬಿಳಿಗಿರಿರಂಗನ ಬೆಟ್ಟದಲ್ಲಿ ಇನ್ನೊಂದು ಕಥೆಯುಂಟು. ಅಲ್ಲಿನ ರಂಗಸ್ವಾಮಿ ಸೋಲಿಗರ ಕುಸುಮಾಲೆಯನ್ನು ವರಿಸಿದನೆಂದು ಸೋಲಿಗರು ಆ ದೇವರನ್ನು ಭಾವನೆಂದೇ ಕರೆಯುತ್ತಾರೆ. ಒಂದು ಬೆಟ್ಟದಲ್ಲಿ ಸೋಲಿಗರ ಹೆಣ್ಣು ದೇವರ ಮಡದಿ. ಇನ್ನೊಂದರಲ್ಲಿ ದೇವರ ಭಕ್ತರಿಗೆ ತಾಯಿ. ಎರಡರಲ್ಲಿ ನನ್ನ ಮಗಳಿಗೆ ಹಿಡಿಸಿದ್ದು ಭಾಷೆ ಕೊಡದ ಸಂಕಮ್ಮ.

ಹಾಡು ಮುಗಿಯುವಾಗ ರಾತ್ರಿ ಹತ್ತು ಘಂಟೆ ದಾಟಿದ್ದಿತು. ಛಳಿ ಬಹಳವಾಗಿದ್ದುದರಿಂದ ಗೃಹಿಣಿ ಅತ್ತೆಗೆ ಇನ್ನೊಂದು ಶಾಲು ಹೊದಿಸಿದಳು. (ಕಾರ್ತಿಕದಲ್ಲಿ ಹೋಗುವವರು ಉಣ್ಣೆಯ ಬಟ್ಟೆಯನ್ನು ಮರೆಯಬಾರದು.) ಛತ್ರದ ಕೋಣೆಗೆ ಬಂದ ಮೇಲೂ ಅತ್ತೆ ಮಲಗಲಿಲ್ಲ.

"ನಮ್ಮಪ್ಪನ ಮನೆಗೆ ಸೋಮವಾರ ಸೋಮವಾರ ಒಬ್ಬ ಗುಡ್ಡಪ್ಪ ಬರುತ್ತಿದ್ದ," ಎಂದು ತಾವಾಗಿಯೇ ಆರಂಭಿಸಿದರು. "ರಾಗಿ ಹಾಕುವುದಕ್ಕೆ ನಾನೇ ಹೋಗುತ್ತಿದ್ದೆ. ಗಂಡ ಭಾಷೆ ಕೇಳುವ ತನಕ ಹಾಡುತ್ತಿದ್ದ. ಅಷ್ಟರಲ್ಲಿ ಅಮ್ಮ ಒಳಗೆ ಕರೆದುಬಿಡುತ್ತಿದ್ದರು. ಆಮೇಲೆ ಮದುವೆಯಾಯಿತು. ಮುಂದೆ ಏನಾಯಿತೆಂದು ಕೇಳಲೇ ಇಲ್ಲ."

ಅತ್ತೆಗೆ ಮಕ್ಕಳಾಗಲಿಲ್ಲವೆಂದೂ, ಹತ್ತು ವರುಷಗಳ ಸಂಸಾರದ ಮೇಲೆ ತೌರಿಗೆ ಬಂದು ನಿಂತರೆಂದೂ ನಮಗೆ ಗೊತ್ತಿದ್ದಿತು. ಕಾರಣವನ್ನು ನಮ್ಮ ತಂದೆಯವರು ಎಂದೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಅಂದು ಅತ್ತೆಯೇ ಹೇಳಿದರು. ಮನೆಯಲ್ಲಿ ಒಂದು ಜೊತೆ ಬಳೆ ಕಾಣೆಯಾಯಿತು. ತೌರಿಗೆ ಸಾಗಿಸಿದ್ದಾಳೆಂದು ಸೊಸೆಯ ಮೇಲೆ ಮಾತು ಬಂದಿತು. ದೇವರ ಮುಂದೆ ದೀಪ ಮುಟ್ಟಿ ಆಣೆಯಿಡು ಎಂದರು. ಗಂಡ ಪಕ್ಕದಲ್ಲಿಯೇ ನಿಂತಿದ್ದ.

"ಮುಟ್ಟಿದೆ. ಆಣೆಯಿಟ್ಟೆ. ಮೂರು ದಿನಕ್ಕೆ ಬಳೆ ಅಕ್ಕಿಯ ಮಡಕೆಯಲ್ಲಿ ಸಿಕ್ಕಿತು. ಸಿಕ್ಕಿದ ಮೇಲೂ, ಆಣೆಗೆ ಹೆದರಿ ಇವಳೇ ತಂದಿಟ್ಟಳು ಎಂದರು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳು ಕೊಡಲಿಲ್ಲ ನೋಡು. ನಾನು ಕೊಟ್ಟುಬಿಟ್ಟೆ" ಎಂದರು.

ನನಗೆ ಮಾತು ಹೊರಡಲಿಲ್ಲ. ಮಲಗಿದ್ದಾಳೆಂದು ನಾವು ತಿಳಿದಿದ್ದ ಮಗಳು ಎದ್ದು ಬಂದು ಅಜ್ಜಿಯ ಕಂಬಳಿಯೊಳಗೆ ಸೇರಿಕೊಂಡಳು.

ಬೆಳಿಗ್ಗೆ ಮಂಜು ಮಲೆಗಳ ನಡುವೆ ಹಾಲಿನಂತೆ ನಿಂತಿದ್ದಿತು. ಎರಡನೆಯ ದರ್ಶನವಾಯಿತು, ಮನೆಯವರಿಗೆಲ್ಲ ಲಾಡು ಪ್ರಸಾದವನ್ನು ಕೊಂಡೆವು. ಮೋಟಾರು ಹೊರಡುವ ವೇಳೆಗೆ ನೋಡಿದರೆ ಅತ್ತೆ ಇಲ್ಲ. ಹುಡುಕಿಕೊಂಡು ಹೋಗಲು, ಅದೇ ಜಗಲಿಯ ಬಳಿ ಮುದುಕ ಗುಡ್ಡಪ್ಪನ ಜೋಳಿಗೆಗೆ ಸೆರಗಿನ ಗಂಟನ್ನು ಬಿಚ್ಚಿ ಏನನ್ನೋ ಹಾಕುತ್ತಿದ್ದರು. ರಾಗಿ! ಮೈಸೂರಿನಿಂದ ಒಂದು ಪಾವಿನಷ್ಟು ರಾಗಿಯನ್ನು ನಮಗೆ ತಿಳಿಯದಂತೆ ಕಟ್ಟಿಕೊಂಡು ಬಂದಿದ್ದರು.

"ಇದು ಯಾವಾಗಿನ ಬಾಕಿ ಅವ್ವಾ?" ಎಂದು ಮುದುಕ ನಗುತ್ತ ಕೇಳಿದ.

"ಅರವತ್ತು ವರುಷದ್ದು" ಎಂದು ಹೇಳಿ, ಅತ್ತೆ ಮಗಳ ಹೆಗಲು ಹಿಡಿದು ಮೆಟ್ಟಿಲಿಳಿದರು.